ರಸ್ತೆಯ ಜಾಗ ಉಳಿಸುತ್ತದೆಂದು ಬೈಕಿಗೆ ಆದ್ಯತೆ ಸಲ್ಲಬೇಕೇ? ಒಂದು ಪರ, ಒಂದು ವಿರೋಧ

ನಗರದ ರಸ್ತೆಗಳ ಸಾಮರ್ಥ್ಯವನ್ನು ಲೆಕ್ಕ ಹಾಕಲೆಂದು, ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸು 1990ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಂದು ಪುಟ್ಟ ಕೋಷ್ಟಕವಿದೆ. ಕಾರನ್ನು 1 ಎಂದು ಹಿಡಿದರೆ ಮಿಕ್ಕ ವಾಹನಗಳು ರಸ್ತೆಯ ಮೇಲೆ ಎಷ್ಟು ಹೊರೆಯಾಗುತ್ತವೆ ಎಂಬುದನ್ನು ಅದು ಹೇಳುತ್ತದೆ. ಅದರ ಪ್ರಕಾರ ಆಟೋರಿಕ್ಷಾ 1.2, ಬಸ್ಸು ಮತ್ತು ಲಾರಿ 2.2, ದ್ವಿಚಕ್ರ ವಾಹನ 0.5. ಆದರೆ ಪ್ರತಿ ವಾಹನದ ಎದುರಿಗೂ ಇನ್ನೊಂದು ಸಂಖ್ಯೆಯಿದೆ. ಒಟ್ಟು ಸಂಚಾರದಲ್ಲಿ ಆ ಬಗೆಯ ವಾಹನದ ಪಾಲು ಶೇ 5ರಷ್ಟಿದ್ದಾಗ ಮೊದಲ ಸಂಖ್ಯೆಯನ್ನೂ, ಶೇ 10 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಎರಡನೆಯ ಸಂಖ್ಯೆಯನ್ನೂ ಬಳಸಬೇಕು. ದ್ವಿಚಕ್ರ ವಾಹನದ ಎರಡನೆಯ ಸಂಖ್ಯೆ 0.75.

ಅದೇ ಬೈಕು ಒಂಟಿಯಾಗಿದ್ದಾಗ ಅರ್ಧ ಕಾರು, ಗುಂಪಿನಲ್ಲಿದ್ದಾಗ ಮುಕ್ಕಾಲು ಕಾರು. 2017ರಲ್ಲಿ ಕೇಂದ್ರೀಯ ರಸ್ತೆ ಸಂಶೋಧನಾ ಸಂಸ್ಥೆ ಸಿದ್ಧಪಡಿಸಿದ ಭಾರತದ್ದೇ ಆದ ಹೆದ್ದಾರಿ ಸಾಮರ್ಥ್ಯ ಕೈಪಿಡಿ ಈ ಸಂಖ್ಯೆಯನ್ನು ಇನ್ನೂ ಕೆಳಕ್ಕಿಳಿಸಿತು. ದಟ್ಟಣೆಯಲ್ಲಿ ಬೈಕಿನ ಹೊರೆ ಸೊನ್ನೆಗೆ ಹತ್ತಿರವೆಂದು ಬೆಲ್ಜಿಯಮ್ಮಿನ ಒಂದು ಅಧ್ಯಯನ ಹೇಳಿತು. ಸೊನ್ನೆಯಿಂದ ಮುಕ್ಕಾಲಿನವರೆಗೆ ಓಲಾಡುವ ಈ ಅಳತೆಯ ಮೇಲೆ ಒಂದು ದೊಡ್ಡ ಪ್ರಶ್ನೆ ನಿಂತಿದೆ. ಕಾರಿಗಿಂತ ಕಡಿಮೆ ಜಾಗ ಬಳಸುತ್ತದೆ ಎಂಬ ಕಾರಣಕ್ಕೆ ಬೆಂಗಳೂರಿನಂಥ ನಗರವು ಬೈಕಿಗೆ ಸಿಗ್ನಲ್ಲಿನಲ್ಲಿ, ನಿಲುಗಡೆಯಲ್ಲಿ, ಬಾಡಿಗೆ ಸೇವೆಯಲ್ಲಿ ಆದ್ಯತೆ ನೀಡಬೇಕೇ?

ಎರಡೂ ಕಡೆಯ ವಾದಗಳನ್ನು ಇಲ್ಲಿ ನಾನೇ ಬರೆದಿದ್ದೇನೆ. ಹಲವು ವರ್ಷ ಬನಶಂಕರಿಯಿಂದ ಹೊರವರ್ತುಲ ರಸ್ತೆಯವರೆಗೆ ದಿನವೂ ಗಾಡಿ ಓಡಿಸಿದ ಸವಾರನಾಗಿ ಮೊದಲನೆಯದನ್ನು ಬರೆದಿದ್ದೇನೆ. ಈಗ ಬಸ್ಸು, ಮೆಟ್ರೊ ಮತ್ತು ಕಾಲ್ನಡಿಗೆಯನ್ನು ನೆಚ್ಚಿಕೊಂಡಿರುವವನಾಗಿ ಎರಡನೆಯದನ್ನು ಬರೆದಿದ್ದೇನೆ. ಎರಡರಲ್ಲಿಯೂ ನನಗೆ ನಂಬಿಕೆಯಿಲ್ಲದ ಮಾತು ಒಂದೂ ಇಲ್ಲ.

ಪರ

ಮೊದಲು ಅಳತೆಯಿಂದಲೇ ಹೊರಡೋಣ. ನಮ್ಮ ಸಂಚಾರ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದಿರುವ ಮಾದರಿ ಕಾರಿನ ಉದ್ದ 3.72 ಮೀಟರ್, ಅಗಲ 1.44 ಮೀಟರ್. ಅದು ನೆಲದ ಮೇಲೆ ಹಿಡಿಯುವ ಜಾಗ 5.36 ಚದರ ಮೀಟರ್. ದ್ವಿಚಕ್ರ ವಾಹನದ ಉದ್ದ 1.87 ಮೀಟರ್, ಅಗಲ 0.64 ಮೀಟರ್, ಅದು ಹಿಡಿಯುವುದು 1.20 ಚದರ ಮೀಟರ್. ಒಂದು ಕಾರಿನ ನೆಲದಲ್ಲಿ ನಾಲ್ಕೂವರೆ ಬೈಕುಗಳ ನೆಲವಿದೆ. ಇಂದು ರಸ್ತೆಗಿಳಿಯುತ್ತಿರುವ ಎಸ್‌ಯುವಿಗಳು ಆ ಮಾದರಿ ಕಾರಿಗಿಂತ ಎಷ್ಟು ದೊಡ್ಡವೆಂದು ನೆನೆದರೆ ಅಂತರ ಇನ್ನೂ ಹಿಗ್ಗುತ್ತದೆ.

ಈ ಅಂತರ ಸಿಗ್ನಲ್ಲಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಕಚೇರಿಗೆ ಹೊರಟ ನಲವತ್ತು ಜನ, ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ, ಎರಡು ಪಥದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತಿದ್ದಾರೆ ಎಂದಿಟ್ಟುಕೊಳ್ಳಿ. ಪಥಕ್ಕೆ ಇಪ್ಪತ್ತು ಕಾರು, ಕಾರಿನಿಂದ ಕಾರಿಗೆ ಒಂದೂವರೆ ಮೀಟರ್ ಬಿಟ್ಟರೆ ಸಾಲಿನ ಉದ್ದ ನೂರು ಮೀಟರ್ ದಾಟುತ್ತದೆ. ಅದೇ ನಲವತ್ತು ಜನ ಬೈಕಿನಲ್ಲಿದ್ದರೆ, ಪಥಕ್ಕೆ ಮೂರರಂತೆ ಅಡ್ಡಲಾಗಿ ಆರು ಬೈಕು ನಿಂತು, ಏಳು ಸಾಲುಗಳಲ್ಲಿ ಎಲ್ಲರೂ ಮುಗಿಯುತ್ತಾರೆ. ಆಗ ಉದ್ದ ಇಪ್ಪತ್ತು ಮೀಟರಿನೊಳಗೆ. ಹಸಿರು ಬಿದ್ದ ಮೇಲೆ ಪಥವೊಂದರಲ್ಲಿ ಪ್ರತಿ ಕಾರಿಗೆ ಎರಡು ಸೆಕೆಂಡು ಹಿಡಿದರೆ ಇಪ್ಪತ್ತನೆಯ ಕಾರು ದಾಟಲು ನಲವತ್ತು ಸೆಕೆಂಡು ಬೇಕು. ಬೈಕಿನ ಸಾಲಿಗೂ ಅಷ್ಟೇ ಧಾರಾಳವಾಗಿ ಎರಡು ಸೆಕೆಂಡು ಕೊಟ್ಟರೂ ಹದಿನೈದು ಸೆಕೆಂಡಿನೊಳಗೆ ಏಳು ಸಾಲುಗಳೂ ಖಾಲಿಯಾಗುತ್ತವೆ.

ಇಲ್ಲಿ ಸಮಯಕ್ಕಿಂತ ಸಾಲಿನ ಉದ್ದವೇ ನನಗೆ ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಒಂದು ಸಿಗ್ನಲ್ಲಿಗೂ ಇನ್ನೊಂದಕ್ಕೂ ನಡುವೆ ಇನ್ನೂರು ಮುನ್ನೂರು ಮೀಟರಿಗಿಂತ ಹೆಚ್ಚು ದೂರವಿರುವುದಿಲ್ಲ. ಮುಂದಿನ ಸಿಗ್ನಲ್ಲಿಗೆ ಕಾದ ಸಾಲು ಬೆಳೆದು ಹಿಂದಿನ ಚೌಕಕ್ಕೆ ಮುಟ್ಟಿತೆಂದರೆ, ಆ ಸಾಲಿಗೆ ಸಂಬಂಧವೇ ಇಲ್ಲದ ಅಡ್ಡರಸ್ತೆಯ ಜನವೂ ಹಸಿರು ದೀಪ ನೋಡುತ್ತ ನಿಲ್ಲಬೇಕಾಗುತ್ತದೆ. ಜಾಮ್ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಹೀಗೆ ಹಿಂದಕ್ಕೆ ಹರಿದು ಬಂದದ್ದು. ಸಾಲನ್ನು ಗಿಡ್ಡ ಮಾಡುವ ವಾಹನವು ತನ್ನ ಸವಾರನಿಗೆ ಮಾಡಿದಷ್ಟೇ ಉಪಕಾರವನ್ನು ತನ್ನ ಹಿಂದಿನ ಚೌಕದವರಿಗೂ ಮಾಡಿರುತ್ತದೆ.

ಬೆಲ್ಜಿಯಮ್ಮಿನ ಲ್ಯೂವೆನ್ ನಗರದ ಸಂಶೋಧಕರು 2011ರಲ್ಲಿ ಲ್ಯೂವೆನ್‌ನಿಂದ ಬ್ರಸೆಲ್ಸಿಗೆ ಹೋಗುವ ಹೆದ್ದಾರಿಯನ್ನು ಇಟ್ಟುಕೊಂಡು ಇದನ್ನೇ ಲೆಕ್ಕ ಹಾಕಿದರು. ಕಾರಿನವರಲ್ಲಿ ಶೇ 10ರಷ್ಟು ಮಂದಿ ಬೈಕಿಗೆ ಬದಲಾದರೆ ಎಲ್ಲ ವಾಹನಗಳೂ ಸೇರಿ ದಟ್ಟಣೆಯಲ್ಲಿ ಕಳೆದುಕೊಳ್ಳುವ ಹೊತ್ತು ಶೇ 40ರಷ್ಟು ಇಳಿಯುತ್ತದೆ ಎಂಬುದು ಅವರು ಕಂಡುಕೊಂಡ ಉತ್ತರ. ಹತ್ತು ಪಾಲು ಬದಲಾದರೆ ನಲವತ್ತು ಪಾಲು ಲಾಭ ಹೇಗೆ ಎಂದು ಕೇಳಿದರೆ, ತುಂಬಿ ತುಳುಕುವ ರಸ್ತೆಯಲ್ಲಿ ಕೊನೆಗೆ ಬಂದು ಸೇರುವ ಕೆಲವೇ ವಾಹನಗಳು ಮಿಕ್ಕವರೆಲ್ಲರನ್ನೂ ನಿಧಾನ ಮಾಡುತ್ತವೆ ಎಂಬುದೇ ಅದಕ್ಕೆ ಕಾರಣ. ಶಾಲೆಗಳಿಗೆ ರಜೆಯಿರುವ ದಿನ ಬೆಂಗಳೂರಿನ ಬೆಳಗು ಎಷ್ಟು ಹಗುರವಾಗುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಲುಗಡೆಯ ಮಾತು ಇನ್ನೂ ಸ್ಪಷ್ಟ. ಖಾಸಗಿ ಕಾರು ದಿನದ ಹೆಚ್ಚಿನ ಹೊತ್ತು ನಿಂತೇ ಇರುತ್ತದೆ, ಮತ್ತು ನಮ್ಮಲ್ಲಿ ಅದು ನಿಲ್ಲುವುದು ಬಹಳಷ್ಟು ಬಾರಿ ಸಾರ್ವಜನಿಕರ ರಸ್ತೆಯಲ್ಲಿ. ಕಾರೊಂದರ ನಿಲುಗಡೆಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಜಾಗ ಬೇಕು. ಅದರಲ್ಲಿ ಐದು ಬೈಕುಗಳು ಇಕ್ಕಟ್ಟಿಲ್ಲದೆ ನಿಲ್ಲುತ್ತವೆ. ಜಯನಗರದ ನಾಲ್ಕನೇ ಬ್ಲಾಕಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ತರಕಾರಿ ಕೊಳ್ಳಲು ಬಂದ ಒಬ್ಬರ ಕಾರು ನಿಂತ ಜಾಗವು, ಅದೇ ಕೆಲಸಕ್ಕೆ ಸ್ಕೂಟರಿನಲ್ಲಿ ಬಂದ ಐವರಿಗೆ ಸಾಕಾಗುತ್ತಿತ್ತು. ಅಂಗಡಿಯವರು ಈ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿಕೊಂಡಿರುತ್ತಾರೆ.

ಇಷ್ಟಾದರೂ ನಮ್ಮ ಸಾರ್ವಜನಿಕ ಹಣ ಹರಿದದ್ದು ಹೆಚ್ಚಾಗಿ ಕಾರಿನ ಅನುಕೂಲಕ್ಕೆ. ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಅವುಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನಗಳು. ಆದರೆ ಅವುಗಳಿಗೆಂದೇ ರೂಪಿಸಿದ ಒಂದು ಪಥ ಇಲ್ಲಿ ಕಾಣಸಿಗುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದಾಗ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟು ಸರ್ವೀಸ್ ರಸ್ತೆಗೆ ಕಳಿಸಲಾಯಿತು. ವೇಗದ ರಸ್ತೆಯಲ್ಲಿ ಅದು ಸರಿಯಾದ ತೀರ್ಮಾನವೇ ಇರಬಹುದು. ನಾನು ಕೇಳುವುದಿಷ್ಟು: ಹೊರಗಿಡಲು ತೋರಿದ ಆ ದೃಢತೆಯನ್ನು ಒಳಗೆ ಜಾಗ ಮಾಡಿಕೊಡಲು ಎಂದಾದರೂ ತೋರಿದ್ದೇವೆಯೇ?

ತೋರಿದ ದೇಶಗಳಿವೆ. ಮಲೇಷ್ಯಾದ ಫೆಡರಲ್ ಹೆದ್ದಾರಿಯ ಪಕ್ಕದಲ್ಲಿ 1970ರ ದಶಕದಲ್ಲಿಯೇ ಮೋಟರ್‌ಸೈಕಲ್ಲುಗಳಿಗೆಂದು ಪ್ರತ್ಯೇಕ ಪಥ ಕಟ್ಟಲಾಯಿತು. ತೈವಾನಿನ ನಗರಗಳಲ್ಲಿ ಕಾರು ನಿಲ್ಲುವ ಗೆರೆಗೂ ಪಾದಚಾರಿಗಳು ದಾಟುವ ಪಟ್ಟೆಗೂ ನಡುವೆ ಬೈಕುಗಳು ಬಂದು ನಿಲ್ಲಲು ಒಂದು ಚೌಕವನ್ನು ಬಳಿದಿರುತ್ತಾರೆ. ಹಸಿರು ಬಿದ್ದೊಡನೆ ಬೈಕುಗಳು ಮೊದಲು ಹೊರಟು ಹೋಗುತ್ತವೆ, ಕಾರುಗಳ ನಡುವೆ ನುಸುಳಾಟವೂ ಅಷ್ಟರಮಟ್ಟಿಗೆ ತಪ್ಪುತ್ತದೆ. ಲಂಡನ್ ನಗರ 2003ರಲ್ಲಿ ದಟ್ಟಣೆ ಶುಲ್ಕ ಹೇರಿದಾಗ ಮೋಟರ್‌ಸೈಕಲ್ಲಿಗೆ ವಿನಾಯಿತಿ ಕೊಟ್ಟಿತು. ನಿಧಾನವಾಗಿ ಸಾಗುವ ಕಾರುಗಳ ಸಾಲಿನ ನಡುವೆ ಬೈಕು ಮುಂದೆ ಹೋಗುವುದನ್ನು ಕ್ಯಾಲಿಫೋರ್ನಿಯಾ 2016ರ ಕಾನೂನಿನಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡಿತು. ಬಣ್ಣ ಬಳಿದ ಒಂದು ಚೌಕಕ್ಕೆ ಮೇಲ್ಸೇತುವೆಯ ಒಂದು ಕಂಬದಷ್ಟೂ ಖರ್ಚಾಗುವುದಿಲ್ಲ.

ಬೈಕ್ ಟ್ಯಾಕ್ಸಿಯ ವಿಷಯವನ್ನೂ ಜಾಗದ ಕಣ್ಣಿನಿಂದ ನೋಡಬೇಕು. ರಾಜ್ಯ ಸರ್ಕಾರವು 2021ರಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು ತಂದು 2024ರಲ್ಲಿ ಹಿಂತೆಗೆದುಕೊಂಡಿತು. ಹೈಕೋರ್ಟಿನ ಆದೇಶದ ಪರಿಣಾಮವಾಗಿ 2025ರ ಜೂನ್ 16ರಂದು ಬೈಕ್ ಟ್ಯಾಕ್ಸಿಗಳು ನಿಂತವು. ಆಟೋ ಚಾಲಕರ ಹೊಟ್ಟೆಪಾಡಿನ ಪ್ರಶ್ನೆ ಇದರಲ್ಲಿ ಇದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮೆಟ್ರೊ ನಿಲ್ದಾಣದಿಂದ ಎರಡು ಕಿಲೋಮೀಟರ್ ದೂರದ ಮನೆಗೆ ಒಬ್ಬರೇ ಹೋಗಬೇಕಾದಾಗ, ದಿನವಿಡೀ ಹತ್ತಾರು ಜನರಿಗೆ ಒದಗುವ, ಯಾವ ಕಚೇರಿಯ ಮುಂದೆಯೂ ಎಂಟು ಗಂಟೆ ನಿಂತುಕೊಳ್ಳದ ಒಂದು ಬೈಕು ಬಳಸುವಷ್ಟು ಕಡಿಮೆ ಜಾಗವನ್ನು ಬೇರೆ ಯಾವ ಬಾಡಿಗೆ ವಾಹನವೂ ಬಳಸಲಾರದು.

ಬಸ್ಸಿದೆಯಲ್ಲ ಎಂದು ಕೇಳುವವರಿದ್ದಾರೆ. ಬಸ್ಸು ಎಲ್ಲಕ್ಕಿಂತ ಮೇಲು, ಅದರಲ್ಲಿ ವಾದವಿಲ್ಲ. ಆದರೆ ಮಗುವನ್ನು ಶಾಲೆಗೆ ಬಿಟ್ಟು, ಅತ್ತೆಯ ಔಷಧಿ ತೆಗೆದುಕೊಂಡು, ಒಂಬತ್ತೂವರೆಗೆ ಕೆಲಸದ ಬಾಗಿಲಲ್ಲಿರಬೇಕಾದ ಹೆಣ್ಣುಮಗಳಿಗೆ ಮೂರು ಬಸ್ಸು ಬದಲಿಸುವುದು ಆಗುವ ಮಾತಲ್ಲ. ಅವರ ದಿನವನ್ನು ನಡೆಸುತ್ತಿರುವುದು ಒಂದು ಸ್ಕೂಟರು. ಗಳಿಕೆ ಕೊಂಚ ಏರಿದೊಡನೆ, ಮಳೆಗೆ ನೆನೆದು ಹೊಗೆ ಕುಡಿದು ಸಾಕಾದ ಸವಾರ ಮೊದಲು ಹೋಗುವುದು ಕಾರಿನ ಷೋರೂಮಿಗೆ. ನನ್ನ ಜೊತೆ ಗಾಡಿ ಓಡಿಸುತ್ತಿದ್ದ ಗೆಳೆಯರಲ್ಲಿ ಅನೇಕರು ಹಾಗೆಯೇ ಹೋದರು. ಹೀಗೆ ಹೋದ ಪ್ರತಿಯೊಬ್ಬರೂ ತಾವೊಬ್ಬರೇ ಕೂತು ಇನ್ನು ಮೂರು ನಾಲ್ಕು ಜನರ ಜಾಗವನ್ನು ರಸ್ತೆಯಿಂದ ತೆಗೆದುಕೊಳ್ಳುತ್ತಾರೆ. ಅವರನ್ನು ಎರಡು ಚಕ್ರದ ಮೇಲೆಯೇ ಉಳಿಸಿಕೊಳ್ಳುವಂತೆ ನಡೆದುಕೊಳ್ಳುವುದು ನಗರದ ಸ್ವಂತ ಹಿತದಲ್ಲಿದೆ.

ವಿರೋಧ

ಮೇಲಿನ ಲೆಕ್ಕವೆಲ್ಲ ನಿಂತ ವಾಹನದ ಲೆಕ್ಕ. ರಸ್ತೆ ಇರುವುದು ಚಲಿಸಲು, ಮತ್ತು ಚಲಿಸುವ ವಾಹನ ಬಳಸುವ ಜಾಗದಲ್ಲಿ ಅದರ ಮೈ ಒಂದು ಚಿಕ್ಕ ಪಾಲು ಮಾತ್ರ. ಉಳಿದದ್ದು ಮುಂದಿನ ವಾಹನದಿಂದ ಕಾಯ್ದುಕೊಳ್ಳಬೇಕಾದ ಅಂತರ.

ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ವಾಹನವು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ದೂರ ಸಾಗುತ್ತದೆ. ಎದುರಿನವರು ಬ್ರೇಕು ಹಾಕಿದ್ದು ಕಣ್ಣಿಗೆ ಬಿದ್ದು, ಕೈಕಾಲು ಆಡಿ, ಗಾಡಿ ನಿಲ್ಲಲು ಎರಡು ಸೆಕೆಂಡಿನ ಅಂತರವಿರಲಿ ಎಂಬುದು ಚಾಲನೆ ಕಲಿಸುವವರು ಹೇಳಿಕೊಡುವ ಸಾಮಾನ್ಯ ಪಾಠ. ಆ ಎರಡು ಸೆಕೆಂಡು ಎಂದರೆ ಸುಮಾರು 17 ಮೀಟರ್. ಕಾರಿಗೆ ತನ್ನ ಮೈಯೂ ಸೇರಿ ಇಪ್ಪತ್ತು ಮೀಟರಿಗೆ ಕೊಂಚ ಹೆಚ್ಚು ಬೇಕಾದರೆ, ಬೈಕಿಗೆ ಹತ್ತೊಂಬತ್ತಕ್ಕೆ ಕೊಂಚ ಕಡಿಮೆ ಬೇಕು. ಒಂದರ ಹಿಂದೆ ಒಂದು ಸಾಗುವ ಬೈಕುಗಳು ಉಳಿಸುವ ಜಾಗ ಹತ್ತರಲ್ಲಿ ಒಂದು ಪಾಲೂ ಇಲ್ಲ. ಮೂರೂವರೆ ಮೀಟರಿನ ಪಥದಲ್ಲಿ ಎರಡು ಬೈಕುಗಳು ಅಕ್ಕಪಕ್ಕ, ನಡುವೆ ಸಾಕಷ್ಟು ಎಡೆ ಬಿಟ್ಟು ಸಾಗಿದರೆ ಒಂದು ಬೈಕು ಅರ್ಧ ಕಾರಿಗೆ ಸಮನಾಗುತ್ತದೆ. 1990ರ ಕೋಷ್ಟಕದ ಮೊದಲ ಸಂಖ್ಯೆಯ ಹತ್ತಿರಕ್ಕೇ ಬಂದು ನಿಂತೆವು. ಅದಕ್ಕಿಂತ ಕೆಳಗಿಳಿಯಬೇಕಾದರೆ ಒಂದೋ ಪಥಕ್ಕೆ ಮೂರು ನಾಲ್ಕು ಬೈಕುಗಳು ಕೈಗೆ ಕೈ ತಾಗುವಂತೆ ಸಾಗಬೇಕು, ಇಲ್ಲವೇ ಎರಡು ಸೆಕೆಂಡಿನ ಅಂತರ ಅರ್ಧ ಸೆಕೆಂಡಿಗೆ ಇಳಿಯಬೇಕು. ನಮ್ಮ ರಸ್ತೆಗಳಲ್ಲಿ ಎರಡೂ ನಡೆಯುತ್ತವೆ. ಬೈಕು ಉಳಿಸಿತೆಂದು ನಾವು ಹೊಗಳುವ ಜಾಗ ವಾಸ್ತವವಾಗಿ ಸವಾರನ ಜೀವ ಕಾಯಲೆಂದು ಖಾಲಿ ಇರಬೇಕಾಗಿದ್ದ ಜಾಗ.

ಅದರ ಬೆಲೆ ಎಷ್ಟೆಂಬುದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದಲ್ಲಿದ್ದವರು 74,897, ಅಂದರೆ ನೂರಕ್ಕೆ 44ಕ್ಕೂ ಹೆಚ್ಚು. ನಡೆದು ಹೋಗುತ್ತಿದ್ದವರು 32,825. ಕಾರು ಮತ್ತಿತರ ಲಘು ವಾಹನಗಳಲ್ಲಿದ್ದವರು ಇಪ್ಪತ್ತೊಂದು ಸಾವಿರದಷ್ಟು. ಕಾರು ತಾನು ತೆಗೆದುಕೊಳ್ಳುವ ಜಾಗಕ್ಕೆ ಪ್ರತಿಯಾಗಿ ಒಳಗಿರುವವರಿಗೆ ಒಂದು ಕವಚವನ್ನು ಕೊಡುತ್ತದೆ, ಬೈಕು ಕೊಡುವುದಿಲ್ಲ. ಜಾಗದ ಉಳಿತಾಯಕ್ಕೆಂದು ಹೆಚ್ಚು ಜನರನ್ನು ಬೈಕಿಗೆ ಕರೆಯುವ ನೀತಿಯು ಈ ಮೊದಲ ಸಂಖ್ಯೆಗೆ ಇನ್ನಷ್ಟು ಸೇರಿಸುವುದಿಲ್ಲ ಎಂದು ಯಾವ ಧೈರ್ಯದಿಂದ ಹೇಳುವುದು? ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮವನ್ನು ಕರ್ನಾಟಕ 2016ರಲ್ಲಿ ಬಿಗಿಗೊಳಿಸಿತು. ಅದು ತಲೆಯನ್ನು ಕಾಯುತ್ತದೆ, ಎದೆಯನ್ನೂ ಸೊಂಟವನ್ನೂ ಕಾಯುವುದಿಲ್ಲ.

ಲ್ಯೂವೆನ್‌ನ ಅಧ್ಯಯನವನ್ನು ಬೆಂಗಳೂರಿಗೆ ತರುವುದರಲ್ಲಿ ಇನ್ನೊಂದು ತಪ್ಪಿದೆ. ಅಲ್ಲಿ ಲೆಕ್ಕ ಹಾಕಿದ್ದು ಕಾರಿನವರು ಬೈಕಿಗೆ ಬಂದರೆ ಏನಾಗುತ್ತದೆ ಎಂಬುದನ್ನು. ಕಾರೇ ತುಂಬಿದ ರಸ್ತೆಯಲ್ಲಿ ಬೆರಳೆಣಿಕೆಯ ಬೈಕುಗಳು ಸಂದಿಗಳಲ್ಲಿ ಕರಗಿಹೋಗುತ್ತವೆ, ಹೀಗಾಗಿ ಅವುಗಳ ಹೊರೆ ಸೊನ್ನೆ. ಸಂದಿಗಳೆಲ್ಲ ಆಗಲೇ ಬೈಕಿನಿಂದ ತುಂಬಿರುವ ರಸ್ತೆಯಲ್ಲಿ ಮುಂದಿನ ಬೈಕಿಗೆ ಕರಗಲು ಸಂದಿಯೆಲ್ಲಿದೆ? ಎರಡೂ ಕಡೆ ಬೈಕು ಒತ್ತಿಕೊಂಡು ಬಂದಾಗ ಬಸ್ಸಿನ ಚಾಲಕ ಕನ್ನಡಿ ನೋಡುತ್ತ ಅಂಗುಲ ಅಂಗುಲವಾಗಿ ಸರಿಯಬೇಕಾಗುತ್ತದೆ, ಅವನ ಹಿಂದೆ ಇಡೀ ರಸ್ತೆ ನಿಧಾನವಾಗುತ್ತದೆ. ಬೈಕಿನ ಪಾಲು ಹೆಚ್ಚಿದಾಗ ಅದರ ಹೊರೆ ಅರ್ಧದಿಂದ ಮುಕ್ಕಾಲಿಗೆ ಏರಿದ್ದನ್ನು 1990ರಲ್ಲಿ ಬರೆದಿಟ್ಟವರು ಇಂಥದ್ದನ್ನು ಕಂಡೇ ಬರೆದಿರಬೇಕೆಂದು ನನಗನ್ನಿಸುತ್ತದೆ.

ಇದಕ್ಕೂ ಮುಖ್ಯವಾಗಿ, ನಮ್ಮಲ್ಲಿ ಬೈಕಿಗೆ ಬಂದವರು ಬಂದದ್ದು ಎಲ್ಲಿಂದ? ನನ್ನ ಓರಗೆಯವರನ್ನು ನೆನೆದರೆ, ಕಾರು ಬಿಟ್ಟು ಗಾಡಿ ಹತ್ತಿದವರು ಒಬ್ಬಿಬ್ಬರೂ ಸಿಗುವುದಿಲ್ಲ. ಎಲ್ಲರೂ ಸೈಕಲ್ಲು ಬಿಟ್ಟವರು, ಬಿಎಂಟಿಸಿ ಬಸ್ಸು ಬಿಟ್ಟವರು. ಹನ್ನೆರಡು ಮೀಟರಿನ ಬಸ್ಸು ಹಿಡಿಯುವುದು ಸುಮಾರು ಮೂವತ್ತು ಚದರ ಮೀಟರ್. ಅದರಲ್ಲಿ ಅರವತ್ತು ಜನರಿದ್ದರೆ ತಲೆಗೆ ಅರ್ಧ ಚದರ ಮೀಟರ್. ಬೈಕಿನ ಒಂಟಿ ಸವಾರನ ಪಾಲಿಗೆ ಬರುವ 1.20 ಚದರ ಮೀಟರು ಅದರ ಎರಡು ಪಟ್ಟಿಗೂ ಹೆಚ್ಚು, ಚಲಿಸುವಾಗಿನ ಅಂತರವನ್ನು ಸೇರಿಸಿದರೆ ಹತ್ತಾರು ಪಟ್ಟು. ಬಸ್ಸಿನಿಂದ ಇಳಿದು ಬೈಕು ಹತ್ತಿದ ಪ್ರತಿಯೊಬ್ಬರಿಂದ ರಸ್ತೆ ಜಾಗವನ್ನು ಕಳೆದುಕೊಂಡಿದೆ. ಇನ್ನು ಬೈಕಿನ ನಿಲುಗಡೆ ಅಗ್ಗವಾಗಿ, ಸಿಗ್ನಲ್ಲಿನಲ್ಲಿ ಮುಂದಿನ ಸ್ಥಾನ ಸಿಕ್ಕರೆ ಅದರ ಸೆಳೆತಕ್ಕೆ ಮೊದಲು ಒಳಗಾಗುವವರು ಕಾರಿನ ಹವಾನಿಯಂತ್ರಣದಲ್ಲಿ ಕೂತವರಲ್ಲ, ಬಸ್ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ಕಾದು ಬೇಸತ್ತವರು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಬಸ್ಸಿಗೆಂದೇ ಒಂದು ಪಥವನ್ನು ಬೇರ್ಪಡಿಸಿದಾಗ, ಬಸ್ಸಿನಲ್ಲಿ ಕೂತವರು ಪಕ್ಕದ ಕಾರುಗಳನ್ನು ದಾಟಿ ಹೋಗುವ ಅಪರೂಪದ ಅನುಭವವನ್ನು ಪಡೆದರು. ಬೈಕಿನ ಆದ್ಯತೆಗೆ ಕೊಡುವ ಗಮನವೂ ಜಾಗವೂ ಸಲ್ಲಬೇಕಾದದ್ದು ಅಂಥ ಪಥಗಳಿಗೆ.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ ಮಾತಿಗೆ ಬರುತ್ತೇನೆ. ಬೈಕು ಚಿಕ್ಕದಾಗಿರುವುದರಿಂದ ಕಾರು ಹೋಗಲಾರದ ಕಡೆಯೂ ಅದು ಹೋಗಬಲ್ಲದು, ಮತ್ತು ಕಾರು ಹೋಗಲಾರದ ಆ ಕಡೆಗಳು ನಡೆಯುವವರಿಗೆ ಉಳಿದಿದ್ದ ಕಡೆಗಳು. ಸಂಜೆ ಆರರ ಮೇಲೆ ರಸ್ತೆ ಕಟ್ಟಿಕೊಂಡೊಡನೆ ಫುಟ್‌ಪಾತಿನ ಇಳಿಜಾರು ಇರುವಲ್ಲಿ ಮೊದಲ ಗಾಡಿ ಹತ್ತುತ್ತದೆ, ಅದರ ಬೆನ್ನಿಗೆ ಹತ್ತು ಗಾಡಿಗಳು. ನನ್ನ ತಾಯಿಗೆ ಈಗ ಎಪ್ಪತ್ತೆಂಟು. ಮಂಡಿ ಸವೆದ ಮೇಲೆ ಅವರು ಕೋಲು ಹಿಡಿದು ದೇವಸ್ಥಾನದವರೆಗೆ ಹೋಗಿ ಬರುತ್ತಿದ್ದರು, ಹೆಚ್ಚೆಂದರೆ ನಾನೂರು ಮೀಟರ್. ಒಂದು ಸಂಜೆ ಫುಟ್‌ಪಾತಿನ ಮೇಲೆ ಹಿಂದಿನಿಂದ ಬಂದ ಗಾಡಿಯವನು ಹಾರ್ನ್ ಹೊಡೆದ. ಬೆಚ್ಚಿ ಪಕ್ಕಕ್ಕೆ ಸರಿಯಲು ಹೋದ ಅವರು ಚಪ್ಪಡಿಯ ಅಂಚಿಗೆ ಕಾಲು ಸಿಕ್ಕಿ ಬಿದ್ದರು. ಮಣಿಕಟ್ಟು ಮುರಿಯಿತು. ಗಾಡಿಯವನು ನಿಂತು, ಎತ್ತಿ ಕೂರಿಸಿ, ನೀರು ಕೊಟ್ಟು, "ಅಮ್ಮಾ, ಲೇಟಾಗ್ತಿತ್ತಮ್ಮ, ಅದಕ್ಕೇ ಮೇಲೆ ಹತ್ತಿಸ್ದೆ" ಎಂದನಂತೆ. ಬೆನ್ನ ಮೇಲೆ ಊಟ ತಲುಪಿಸುವ ಚೀಲವಿತ್ತಂತೆ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ; ಅವನಂತೆಯೇ ನಾನೂ ಹತ್ತಿಸಿದ ದಿನಗಳು ನೆನಪಾಗಿ ಬಹಳ ನಾಚಿಕೆಯಾಯಿತು. ತಾಯಿ ಈಗ ಸಂಜೆ ಹೊರಗೆ ಹೋಗುವುದಿಲ್ಲ.

ಗಾಡಿಗಳನ್ನು ತಡೆಯಲೆಂದು ಫುಟ್‌ಪಾತಿನ ಬಾಯಲ್ಲಿ ಗಿಡ್ಡ ಕಂಬಗಳನ್ನು ನೆಡುತ್ತಾರೆ. ಬೈಕಿನ ಹ್ಯಾಂಡಲ್ ನುಸುಳಬಾರದೆಂದು ಕಂಬಗಳನ್ನು ಹತ್ತಿರ ಹತ್ತಿರ ನೆಟ್ಟರೆ ಗಾಲಿಕುರ್ಚಿಯೂ ನುಸುಳುವುದಿಲ್ಲ, ಮಗುವನ್ನು ಕೂರಿಸಿದ ತಳ್ಳುಗಾಡಿಯೂ ಹೋಗುವುದಿಲ್ಲ. ಗಾಲಿಕುರ್ಚಿಗೆಂದು ದೂರ ದೂರ ನೆಟ್ಟರೆ ಬೈಕು ಸಲೀಸಾಗಿ ಒಳಗೆ ಬರುತ್ತದೆ. ಟೆಂಡರ್ ಶ್ಯೂರ್ ಯೋಜನೆಯಲ್ಲಿ ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆಗಳಲ್ಲಿ ಕಟ್ಟಿದ ಅಗಲವಾದ ಫುಟ್‌ಪಾತುಗಳು ಈ ನಗರದಲ್ಲಿ ನಡೆಯುವವರಿಗೆ ಸಿಕ್ಕ ದೊಡ್ಡ ಉಡುಗೊರೆ. ಅವನ್ನು ಕಾಯಲೂ ಕಂಬಗಳೇ ಬೇಕಾದವು. ಒಂದು ವಾಹನದ ಅಗಲ ಗಾಲಿಕುರ್ಚಿಯಷ್ಟೇ ಇರುವಾಗ, ಅದು ಉಳಿಸುವ ಜಾಗದ ಲೆಕ್ಕದಲ್ಲಿ ಗಾಲಿಕುರ್ಚಿಯವರು ಕಳೆದುಕೊಂಡದ್ದನ್ನೂ ಬರೆಯಬೇಕು. ಸಂಚಾರ ಎಂಜಿನಿಯರಿಂಗಿನ ಯಾವ ಕೋಷ್ಟಕದಲ್ಲಿಯೂ ಆ ಕಲಮು ನನಗೆ ಕಂಡಿಲ್ಲ. ಝೀಬ್ರಾ ಪಟ್ಟೆಯ ಕಥೆಯೂ ಇದೇ. ಕೆಂಪು ಬಿದ್ದಾಗ ಸಂದಿಗಳಲ್ಲಿ ಮುಂದೆ ಬಂದ ಬೈಕುಗಳು ನಿಲ್ಲುವುದು ಪಟ್ಟೆಯ ಮೇಲೆಯೇ. ಮೇಲಿನ ವಾದದಲ್ಲಿ ಏಳು ಸಾಲುಗಳಲ್ಲಿ ಮುಗಿದುಹೋದ ನಲವತ್ತು ಬೈಕುಗಳ ಮೊದಲ ಎರಡು ಸಾಲು ಎಲ್ಲಿ ನಿಂತಿದ್ದವೆಂದು ನಾನು ಆಗ ಹೇಳಲಿಲ್ಲ.

ಹಾಗೆಂದು ಬೈಕನ್ನು ನಿಷೇಧಿಸಬೇಕೆಂಬ ವಾದ ನನ್ನದಲ್ಲ. ಚೀನಾದ ಗುವಾಂಗ್‌ಝೌ ನಗರ 2007ರಲ್ಲಿ ಮೋಟರ್‌ಸೈಕಲ್ಲುಗಳನ್ನು ಪೂರ್ತಿ ಹೊರಗಿಟ್ಟಿತು. 2030ರ ಹೊತ್ತಿಗೆ ನಗರದ ಒಳಭಾಗದಲ್ಲಿ ಬೈಕು ನಿಲ್ಲಿಸುವ ಯೋಜನೆಯನ್ನು ಹನೋಯಿ 2017ರಲ್ಲಿ ಒಪ್ಪಿಕೊಂಡಿತು. ಜಕಾರ್ತಾದ ಮುಖ್ಯ ರಸ್ತೆಯೊಂದರಲ್ಲಿ 2014ರಿಂದ ಇದ್ದ ನಿಷೇಧವು ಇಂಡೊನೇಷ್ಯಾದ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 2018ರಲ್ಲಿ ಕೊನೆಗೊಂಡಿತು. ಬಸ್ಸನ್ನು ಕೊಡದೆ ಬೈಕನ್ನು ಕಿತ್ತುಕೊಳ್ಳುವುದು ದುಡಿಯುವವರ ಮೇಲೆ ನಡೆಸುವ ದಬ್ಬಾಳಿಕೆ. ಇರುವ ಬೈಕು ಇರಲಿ. ಜಾಗ ಉಳಿಸುತ್ತದೆ ಎಂಬ ಹೆಸರಿನಲ್ಲಿ ಅದಕ್ಕೆ ಬಹುಮಾನ ಬೇಡ ಎಂಬುದಷ್ಟೇ ನಾನು ಹೇಳುವುದು.

ಮಲೇಷ್ಯಾದ ಪ್ರತ್ಯೇಕ ಪಥವನ್ನು ಪರವಾದದಲ್ಲಿ ಉದಾಹರಿಸಿದ್ದೇನೆ. ಅದು ಸವಾರರನ್ನು ಕಾಪಾಡಿದ್ದು ಹೆದ್ದಾರಿಯ ಪಕ್ಕದಲ್ಲಿ ಬೇರೆಯೇ ನೆಲವಿದ್ದುದರಿಂದ. ಬೆಂಗಳೂರಿನ ಮೂವತ್ತು, ನಲವತ್ತು ಅಡಿಯ ರಸ್ತೆಯಲ್ಲಿ ಬೈಕಿಗೆ ಕೊಡುವ ಪ್ರತಿ ಅಡಿಯನ್ನೂ ಯಾರಿಂದಲೋ ತೆಗೆದುಕೊಳ್ಳಬೇಕು, ಮತ್ತು ಈವರೆಗೆ ರಸ್ತೆ ಅಗಲ ಮಾಡಿದಾಗಲೆಲ್ಲ ಮೊದಲು ಹೋದದ್ದು ಫುಟ್‌ಪಾತು, ಆಮೇಲೆ ಸಾಲುಮರ.

ತೈವಾನಿನ ಚೌಕವೊಂದನ್ನು ಮಾತ್ರ ನಾನು ಒಪ್ಪಬಲ್ಲೆ, ಒಂದು ಷರತ್ತಿನ ಮೇಲೆ. ಝೀಬ್ರಾ ಪಟ್ಟೆ ಇರುವಲ್ಲಿಯೇ ಇರಬೇಕು, ಅದರ ಹಿಂದೆ ಬೈಕಿನ ಚೌಕ ಬರಬೇಕು, ಕಾರು ನಿಲ್ಲುವ ಗೆರೆ ಐದು ಮೀಟರ್ ಹಿಂದಕ್ಕೆ ಹೋಗಬೇಕು. ಹಾಗೆ ಹಿಂದಕ್ಕೆ ಹೋದ ಗೆರೆಯ ಬಳಿ ಕಾರುಗಳು ನಿಂತು, ಚೌಕದೊಳಗೆ ಬೈಕುಗಳು ನಿಂತು, ಕೋಲು ಹಿಡಿದವರೊಬ್ಬರು ಯಾರ ಹ್ಯಾಂಡಲ್ಲನ್ನೂ ಸವರಿಕೊಳ್ಳದೆ ಆಚೆ ಬದಿಗೆ ಹೋಗಿ ಸೇರಿದ ದಿನ, ಮೇಲಿನ ಪರವಾದಕ್ಕೆ ನಾನು ಸಹಿ ಹಾಕುತ್ತೇನೆ.